ಒಂದೇ ತೋಟಕ್ಕೆ ಎಷ್ಟು ಪಹಣಿ? ವಿಡಿಯೋ ಕೋಡಿಂಗ್ ಪೇಟೆಂಟ್ ಮತ್ತು ಡಬಲ್ ಪೇಟೆಂಟಿಂಗ್ ವಿಷ್ಯ

ನಮ್ಮ ಭಾವ ಒಬ್ರು ಯಕ್ಷಗಾನದ ವಿಡಿಯೋ ಮಾಡ್ತಾರೆ, ಶಿರಸಿ ಸಿದ್ದಾಪುರ ಯಲ್ಲಾಪುರ ಬದಿಗೆ ಎಲ್ಲಿ ಆಟ ಇದ್ರೂ ಟ್ರೈಪಾಡ್ ಹೊತ್ಕೊಂಡು ಹೋಗೋದು, ಬೆಳಗಿನ ತನಕ ರೆಕಾರ್ಡ್ ಮಾಡೋದು, ಮಾರನೇ ದಿನ ಯೂಟ್ಯೂಬಿಗೆ ಹಾಕೋದು. ಹೊಸ ಫೋನ್ ತಗೊಂಡ ಮೇಲೆ ಒಂದು ಸಲ 4ಕೆ ವಿಡಿಯೋ ಮಾಡ್ಕೊಂಡು ಬಂದ್ರು, ಮನೆ ಲ್ಯಾಪ್‌ಟಾಪಿಗೆ ಹಾಕಿದ್ರೆ ಚಂಡೆ ಮದ್ದಳೆ ಎಲ್ಲ ಕೇಳ್ತದೆ, ಚಿತ್ರ ಮಾತ್ರ ಪೂರ್ತಿ ಕಪ್ಪು. ಜೊತೆಗೊಂದು ಮೆಸೇಜು, ಇದನ್ನ ನೋಡ್ಬೇಕಂದ್ರೆ ಎಚ್‌ಇವಿಸಿ (ವಿಡಿಯೋ ಕುಗ್ಗಿಸಿಡೋ ಒಂದು ಪದ್ಧತಿ) ಎಕ್ಸ್‌ಟೆನ್ಶನ್ ದುಡ್ಡು ಕೊಟ್ಟು ತಗೊಳ್ಳಿ ಅಂತ. ಫೋನು ನಂದು, ತೆಗ್ದವ ನಾನು, ಲ್ಯಾಪ್‌ಟಾಪೂ ನಂದೇ, ಮತ್ತೆ ಈ ದುಡ್ಡು ಯಾರಿಗೆ ಹೋಗ್ತದೆ ಅಂತ ಕೇಳಿದ್ರು. ನಾನು ಶಿರಸಿಯಲ್ಲೇ ಮನೆಯಿಂದ ಪೇಟೆಂಟ್ ಸರ್ಚ್ ಕೆಲ್ಸ ಮಾಡ್ತೇನೆ, ದಿನಾ ಓದೋದು ಇಂಥದ್ದೇ ಪೇಟೆಂಟುಗಳನ್ನ, ಆದ್ರೂ ಅವ್ರಿಗೆ ಎರಡು ಮಾತಲ್ಲಿ ಉತ್ತರ ಕೊಡೋಕೆ ಆಗ್ಲಿಲ್ಲ. ಆಗ ಹೇಳೋಕಾಗದ್ದನ್ನ ಈಗ ಬರೀತಾ ಇದ್ದೇನೆ. ಅದ್ರ ನಡುವಿನ ಎಳೆ ಡಬಲ್ ಪೇಟೆಂಟಿಂಗ್, ಅಂದ್ರೆ ಒಂದೇ ಇನ್ವೆನ್ಶನ್ನಿಗೆ ಎರಡೆರಡು ಪೇಟೆಂಟ್ ಪಡೆಯೋದು.

ಮೊದ್ಲು ಕಂಪ್ರೆಶನ್, ಅಂದ್ರೆ ವಿಡಿಯೋ ಕುಗ್ಗಿಸೋದು, ಯಾಕೆ ಬೇಕು ಅನ್ನೋದು. ಫುಲ್ ಎಚ್‌ಡಿ ಅಂದ್ರೆ 1920 ಗುಣಿಸು 1080, ಸುಮಾರು 20 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 3 ಬೈಟ್, ಸೆಕೆಂಡಿಗೆ 25 ಫ್ರೇಮ್ ಹಿಡಿದ್ರೂ ಒಂದು ಸೆಕೆಂಡಿಗೆ 155 ಎಂಬಿ, ಒಂದು ಗಂಟೆಗೆ ಹತ್ರಹತ್ರ 560 ಜಿಬಿ ಆಯ್ತು. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡ್ಲೇ ಟವರೂ ಹೋಗೋ ಊರಲ್ಲಿ ಇದನ್ನ ಕಳ್ಸೋದು ಕನಸಲ್ಲೂ ಆಗದ ಕೆಲ್ಸ. ಅದೇ ಆಟವನ್ನ 4 ಎಂಬಿಪಿಎಸ್‌ನಲ್ಲಿ ಸ್ಟ್ರೀಮ್ ಮಾಡಿದ್ರೆ ಗಂಟೆಗೆ 1.8 ಜಿಬಿ ಸಾಕು. ಮುನ್ನೂರು ಪಟ್ಟು ವ್ಯತ್ಯಾಸ, ಅದು ಎಲ್ಲಿಂದ ಬಂತು?

ಬಡಗುತಿಟ್ಟಿನ ರಂಗಸ್ಥಳವನ್ನೇ ನೋಡಿ. ಹಿಂದಿನ ಪರದೆ ಅಲ್ಲಾಡೋದಿಲ್ಲ, ಭಾಗವತರು ಕೂತ ಜಾಗ ಬಿಟ್ಟು ಏಳೋದಿಲ್ಲ, ಆ ಭಾಗವನ್ನ ಪ್ರತಿ ಫ್ರೇಮಲ್ಲೂ ಹೊಸದಾಗಿ ಬರೆಯೋ ಅಗತ್ಯ ಇಲ್ಲ, ಹಿಂದಿನದನ್ನೇ ಇಟ್ಕೊಳ್ಳಿ ಅಂದ್ರೆ ಸಾಕು. ವೇಷಧಾರಿ ನಾಲ್ಕು ಹೆಜ್ಜೆ ಮುಂದೆ ಬಂದ್ರೆ ಆ ಚೌಕವನ್ನ ಇಲ್ಲಿಂದ ಅಲ್ಲಿಗೆ ಸರಿಸಿ ಅಂತ ಒಂದು ಬಾಣದ ಗುರುತು, ಅದಕ್ಕೆ ಮೋಶನ್ ವೆಕ್ಟರ್ ಅಂತಾರೆ. ಕಷ್ಟ ಆಗೋದು ಮಂಡಿ ಕುಣಿತದಲ್ಲಿ, ಗಿರಗಿರ ತಿರುಗೋ ಹೊತ್ತಲ್ಲಿ ಪ್ರತಿ ಚೌಕದ ಬಾಣವೂ ಬೇರೆ ಬೇರೆ ಕಡೆ ತಿರುಗ್ತದೆ, ನೆಟ್‌ವರ್ಕ್ ದುರ್ಬಲ ಇದ್ರೆ ಸರಿಯಾಗಿ ಅಲ್ಲೇ ಚಿತ್ರ ಚೂರುಚೂರಾಗ್ತದೆ. ಈ ಬಾಣವನ್ನ ಪೂರ್ತಿ ಬರೆಯದೆ ಪಕ್ಕದ ಚೌಕದ ಬಾಣವನ್ನೇ ಎರವಲು ತಗೊಳ್ಳೋದು ಹೇಗೆ, ಎಷ್ಟು ಪಕ್ಕದವರನ್ನ ಪಟ್ಟಿಗೆ ಸೇರಿಸ್ಬೇಕು, ಪಟ್ಟಿ ತುಂಬದಿದ್ರೆ ಹಿಂದಿನ ಫ್ರೇಮಿಂದ ಯಾರನ್ನ ತರ್ಬೇಕು, ಇಂಥ ಒಂದೊಂದು ಸಣ್ಣ ನಿರ್ಧಾರದ ಮೇಲೂ ಪೇಟೆಂಟ್ ಇದೆ. 2003ರ ಎಚ್.264 ಅನ್ನೋ ವಿಡಿಯೋ ಮಾನದಂಡದಲ್ಲಿ 16 ಗುಣಿಸು 16 ಪಿಕ್ಸೆಲ್ ಚೌಕ, 2013ರ ಎಚ್.265ರಲ್ಲಿ, ಅಂದ್ರೆ ಎಚ್‌ಇವಿಸಿಯಲ್ಲಿ, 64ರ ತನಕ, 2020ರ ಎಚ್.266ರಲ್ಲಿ 128ರ ತನಕ. ಚೌಕ ದೊಡ್ಡದಾದ ಹಾಗೆ ಅದನ್ನ ಒಡೆಯೋ ದಾರಿಗಳೂ ಹೆಚ್ಚಾದ್ವು, ಅದ್ರ ಹಿಂದೆ ಪೇಟೆಂಟೂ ಹೆಚ್ಚಾಯ್ತು.

ಈಗ ಪೇಟೆಂಟ್ ಹುಟ್ಟೋ ಕ್ರಮ ನೋಡುವ. ಕಂಪನಿ ಒಂದು ದೊಡ್ಡ ವಿವರಣೆ ಬರೀತದೆ, ವಿಡಿಯೋ ಕೋಡಿಂಗಲ್ಲಿ ಅದು ನೂರಾರು ಪುಟ ಇರೋದು ಮಾಮೂಲು, ಕೊನೆಗೆ ಕ್ಲೇಮುಗಳು, ಅಂದ್ರೆ ಇಷ್ಟು ಜಾಗ ನಂದು ಅಂತ ಗಡಿಕಲ್ಲು ಹಾಕೋ ವಾಕ್ಯಗಳು. ಅಮೆರಿಕದಲ್ಲಿ ಒಂದು ಅರ್ಜಿ ಇನ್ನೂ ಪೆಂಡಿಂಗ್ ಇರುವಾಗ ಅದೇ ವಿವರಣೆ ಇಟ್ಕೊಂಡು ಇನ್ನೊಂದು ಅರ್ಜಿ ಹಾಕ್ಬಹುದು, ಕಂಟಿನ್ಯುವೇಶನ್ ಅಂತ ಹೆಸರು, ಮೊದಲಿನ ಅರ್ಜಿಯ ದಿನಾಂಕವೇ ಇದಕ್ಕೂ ಸಿಗ್ತದೆ. ಅದು ಪೆಂಡಿಂಗ್ ಇರುವಾಗ ಇನ್ನೊಂದು, ಮತ್ತೊಂದು. ನಮ್ಮ ಬದಿ ಸರ್ವೆ ನಂಬರ್ 45 ಇದ್ದದ್ದು 45/1, 45/2, 45/3 ಅಂತ ಹಿಸ್ಸೆ ಆಗ್ತದಲ್ಲ, ಹಾಗೆ. ಹಿಸ್ಸೆ ಎಷ್ಟೇ ಆದ್ರೂ ತೋಟದ ಎಕರೆ ಹೆಚ್ಚಾಗೋದಿಲ್ಲ, ಪಹಣಿ ಮಾತ್ರ ಹೆಚ್ಚಾಗ್ತದೆ. ಹಿಸ್ಸೆ ಮಾಡೋದು ತಪ್ಪಲ್ಲ, ಒಂದೇ ವಿವರಣೆಯಲ್ಲಿ ನಿಜವಾಗಿಯೂ ಹತ್ತು ಬೇರೆ ಬೇರೆ ಇನ್ವೆನ್ಶನ್ ಇರ್ಬಹುದು, ಇರ್ತದೆ ಕೂಡ. ತಕರಾರು ಬರೋದು 45/1ರಲ್ಲಿ ಇದ್ದ ಗುಂಟೆಯೇ 45/2ರಲ್ಲೂ ಕಂಡಾಗ, ಇಲ್ಲಾ ಬೇಲಿಯನ್ನ ಒಂದಡಿ ಆಚೆ ಸರಿಸಿ ಇದು ಬೇರೆ ಜಾಗ ಅಂದಾಗ.

ಇದನ್ನ ತಡೆಯೋಕೇ ಡಬಲ್ ಪೇಟೆಂಟಿಂಗ್ ರಿಜೆಕ್ಷನ್ ಇರೋದು. ಅಮೆರಿಕದಲ್ಲಿ ಇದು ಎರಡು ತರ. ಅದೇ ಇನ್ವೆನ್ಶನ್ ಅಕ್ಷರಶಃ ಎರಡನೇ ಸಲ ಕ್ಲೇಮ್ ಆದ್ರೆ ಕಾನೂನೇ ಬಿಡೋದಿಲ್ಲ, ಕ್ಲೇಮ್ ಬದಲಿಸ್ಬೇಕು ಇಲ್ಲಾ ಕೈಬಿಡ್ಬೇಕು. ಎರಡನೇದು ಕೋರ್ಟುಗಳೇ ಕಟ್ಟಿದ ನಿಯಮ, ಆಬ್ವಿಯಸ್‌ನೆಸ್ ಟೈಪ್ ಅಂತಾರೆ. ಹೊಸ ಕ್ಲೇಮು ಹಳೇದ್ರ ಹಾಗೇ ಇಲ್ದಿದ್ರೂ, ಆ ಕೆಲ್ಸ ಗೊತ್ತಿದ್ದವ್ರಿಗೆ ಹಳೇದನ್ನ ನೋಡಿದ್ರೆ ಹೊಸದು ಸಹಜವಾಗಿ ಹೊಳೀತದೆ ಅಂತಾದ್ರೆ ಇದು ಬೇರೆ ಇನ್ವೆನ್ಶನ್ ಅಲ್ಲ ಅಂತ ಎಕ್ಸಾಮಿನರ್, ಅಂದ್ರೆ ಅರ್ಜಿ ಪರಿಶೀಲಿಸೋ ಅಧಿಕಾರಿ, ರಿಜೆಕ್ಟ್ ಮಾಡ್ತಾರೆ. ಮಾಲೀಕ ಅಥವಾ ಇನ್ವೆಂಟರ್ ಸಮಾನ ಇರ್ಬೇಕು. ಹಳೇದೂ ಇನ್ನೂ ಅರ್ಜಿ ಹಂತದಲ್ಲೇ ಇದ್ರೆ ಪ್ರೊವಿಶನಲ್, ಅಂದ್ರೆ ತಾತ್ಕಾಲಿಕ, ರಿಜೆಕ್ಷನ್. ಇಲ್ಲಿ ಹೋಲಿಸೋದು ಕ್ಲೇಮಿಗೆ ಕ್ಲೇಮನ್ನ, ವಿವರಣೆಗೆ ವಿವರಣೆಯನ್ನಲ್ಲ. ಕೆಲ್ಸಕ್ಕೆ ಹೊಸದಾಗಿ ಸೇರಿದವ್ರು ಮೊದ್ಲು ಎಡವೋದು ಇಲ್ಲೇ.

ವಿಡಿಯೋ ಕೋಡಿಂಗಲ್ಲಿ ಈ ರಿಜೆಕ್ಷನ್ ಇಷ್ಟು ಸಾಮಾನ್ಯ ಯಾಕೆ ಅನ್ನೋದಕ್ಕೆ ಕಾರಣ ಆ ತಂತ್ರಜ್ಞಾನದ ಸ್ವಭಾವದಲ್ಲೇ ಇದೆ. ವಿಡಿಯೋ ಕುಗ್ಗಿಸೋ ಎನ್‌ಕೋಡರ್ ಮಾಡಿದ್ದನ್ನ ಡಿಕೋಡರ್ ತಿರುಗಿಸಿ ಬಿಚ್ಚೋದು, ಕನ್ನಡಿ ಬಿಂಬದ ಹಾಗೆ. ಹಾಗಾಗಿ ಒಂದೇ ಐಡಿಯಾವನ್ನ ಡಿಕೋಡಿಂಗ್ ವಿಧಾನ ಅಂತ ಒಂದು, ಎನ್‌ಕೋಡಿಂಗ್ ವಿಧಾನ ಅಂತ ಒಂದು, ಪ್ರೊಸೆಸರ್ ಮೆಮೊರಿ ಇರೋ ಉಪಕರಣ ಅಂತ ಒಂದು, ಬಿಟ್‌ಸ್ಟ್ರೀಮ್ (ಕುಗ್ಗಿಸಿದ ವಿಡಿಯೋ ಡೇಟಾ) ತುಂಬಿಟ್ಟ ಸ್ಟೋರೇಜ್ ಮೀಡಿಯಂ ಅಂತ ಒಂದು, ಹೀಗೆ ನಾಲ್ಕು ಅವತಾರದಲ್ಲಿ ಬರೀಬಹುದು. ಅಮೆರಿಕದ ಮೂಲ ಫೀಸಲ್ಲಿ 20 ಕ್ಲೇಮು, ಅದ್ರಲ್ಲಿ ಸ್ವತಂತ್ರ ಕ್ಲೇಮು, ಅಂದ್ರೆ ಬೇರೆ ಕ್ಲೇಮನ್ನ ಆತುಕೊಳ್ಳದೆ ನಿಲ್ಲೋದು, 3 ಮಾತ್ರ ಬರ್ತವೆ, ಉಳಿದ ಅವತಾರಗಳು ಮುಂದಿನ ಕಂಟಿನ್ಯುವೇಶನ್ನಿಗೆ ಹೋಗ್ತವೆ. ಇನ್ನೊಂದು ಕಾರಣ ಫ್ಲ್ಯಾಗು. ಒಂದು ಟೂಲ್ ಆನ್ ಇದೆಯಾ ಆಫ್ ಇದೆಯಾ ಅಂತ ಹೇಳೋ ಒಂದು ಬಿಟ್ ಅದು, ಅದನ್ನ ಇಡೀ ವಿಡಿಯೋಗೆ ಒಂದ್ಸಲ ಹೇಳೋ ಹೆಡರಲ್ಲಿ, ಅಂದ್ರೆ ಡೇಟಾದ ಮೊದಲಿಗೆ ಬರೋ ಸೂಚನೆಯ ಭಾಗದಲ್ಲಿ, ಇಡ್ಬಹುದು, ಚಿತ್ರ ಚಿತ್ರಕ್ಕೆ ಇಡ್ಬಹುದು, ಚಿತ್ರದ ಒಂದು ತುಂಡಿಗೆ ಮಾತ್ರ ಇಡ್ಬಹುದು. ಒಂದೊಂದು ಜಾಗಕ್ಕೂ ಒಂದೊಂದು ಕ್ಲೇಮು ಬರೀಬಹುದು.

ಉದಾಹರಣೆಗೆ ನಾನೇ ಒಂದು ಕಲ್ಪಿಸಿ ಹೇಳ್ತೇನೆ. ಸಿಕ್ಕಿದ ಪೇಟೆಂಟಿನ ಕ್ಲೇಮ್ ಹೀಗಿದೆ ಅಂತಿಟ್ಕೊಳ್ಳಿ: ಈಗಿನ ಚೌಕಕ್ಕೆ ಪಕ್ಕದ ಚೌಕಗಳಿಂದ ಬಾಣದ ಪಟ್ಟಿ ಮಾಡೋದು, ಪಟ್ಟಿಯಲ್ಲಿ ಗರಿಷ್ಠ ಎಷ್ಟು ಅನ್ನೋದನ್ನ ಇಡೀ ವಿಡಿಯೋದ ಹೆಡರಿಂದ ಓದೋದು, ಪಟ್ಟಿ ಕಡ್ಮೆ ಬಿದ್ರೆ ಹಿಂದಿನ ಫ್ರೇಮಿಂದ ತುಂಬೋದು. ಹೊಸ ಅರ್ಜಿಯ ಕ್ಲೇಮಲ್ಲೂ ಇದೇ ಇದೆ, ಗರಿಷ್ಠ ಸಂಖ್ಯೆಯನ್ನ ಓದೋದು ಮಾತ್ರ ಚಿತ್ರದ ತುಂಡಿನ ಹೆಡರಿಂದ. ಎಕ್ಸಾಮಿನರ್ ಎರಡನ್ನೂ ಅಕ್ಕಪಕ್ಕ ಕೋಷ್ಟಕ ಹಾಕಿ, ಸಮಾನ ಸಾಲುಗಳನ್ನ ತೋರಿಸಿ, ಬೇರೆ ಇರೋ ಒಂದು ಸಾಲಿಗೆ ಇನ್ಯಾರದ್ದೋ ಹಳೇ ದಾಖಲೆ ತಂದು, ನೋಡಿ ಇಂಥ ಸಂಖ್ಯೆಯನ್ನ ತುಂಡಿನ ಹೆಡರಲ್ಲಿ ಇಡೋದು ಮೊದ್ಲೇ ಎಲ್ರಿಗೂ ಗೊತ್ತಿತ್ತು ಅಂತ ಬರೀತಾರೆ. ನನ್ನ ಅನುಭವದಲ್ಲಿ ಈ ಕೋಷ್ಟಕ ಓದೋದೇ ಒಂದು ವಿದ್ಯೆ. ಒಂದು ಸಾಲಿನ ವ್ಯತ್ಯಾಸ ಕೆಲವೊಮ್ಮೆ ಬರೇ ಬೇಲಿ ಸರಿಸಿದ್ದು, ಕೆಲವೊಮ್ಮೆ ಅದೇ ಒಂದು ಸಾಲು ಬಿಟ್‌ರೇಟನ್ನ ನಿಜವಾಗಿ ಇಳಿಸಿರ್ತದೆ, ಅದ್ರ ಹಿಂದೆ ಒಬ್ಬ ಎಂಜಿನಿಯರ್ ವರ್ಷಗಟ್ಲೆ ಕೂತಿರ್ತಾನೆ. ಸಾಲು ಸಣ್ಣದು ಅಂತ ಕೆಲ್ಸ ಸಣ್ಣದು ಅನ್ನೋಕಾಗೋದಿಲ್ಲ.

ಹಾಗಾದ್ರೆ ಅರ್ಜಿದಾರ ವಾದ ಮಾಡ್ತಾನಾ? ಬಹಳ ಸಲ ಇಲ್ಲ. ಟರ್ಮಿನಲ್ ಡಿಸ್‌ಕ್ಲೇಮರ್ ಅನ್ನೋ ಒಂದು ಫಾರ್ಮ್ ಹಾಕ್ತಾರೆ, ಫೀಸು ಇನ್ನೂರು ಡಾಲರಿಗೂ ಕಡ್ಮೆ, ಆನ್‌ಲೈನಲ್ಲಿ ಹಾಕಿದ್ರೆ ಆಗಿಂದಾಗ್ಲೇ ಒಪ್ಪಿಗೆ ಬರ್ತದೆ, ರಿಜೆಕ್ಷನ್ ಹೋಯ್ತು. ಕ್ಲೇಮಲ್ಲಿ ಒಂದಕ್ಷರ ಬದಲಾಗೋದಿಲ್ಲ. ಆ ಫಾರ್ಮಲ್ಲಿ ಇರೋದು ಎರಡು ಮಾತು. ಒಂದು, ಹೊಸ ಪೇಟೆಂಟ್ ಹಳೇದ್ರ ಅವಧಿ ಮುಗಿದ ದಿನವೇ ಮುಗೀತದೆ. ಎರಡು, ಇವೆರಡೂ ಒಬ್ಬನ ಕೈಯಲ್ಲಿ ಇರೋ ತನಕ ಮಾತ್ರ ಇದನ್ನ ಕೋರ್ಟಲ್ಲಿ ಚಲಾಯಿಸ್ಬಹುದು.

ಎಲ್ರೂ ಮೊದಲನೇ ಮಾತನ್ನೇ ದೊಡ್ಡದು ಮಾಡ್ತಾರೆ. ನನ್ನ ಪ್ರಕಾರ ವಿಡಿಯೋ ಕೋಡಿಂಗಲ್ಲಿ ತೂಕ ಇರೋದು ಎರಡನೇದಕ್ಕೆ. ಯಾಕಂದ್ರೆ 1995ರ ಜೂನ್ 8ರಿಂದ ಈಚೆಗಿನ ಅಮೆರಿಕದ ಅರ್ಜಿಗಳಿಗೆ ಅವಧಿ ಕುಟುಂಬದ, ಅಂದ್ರೆ ಒಂದೇ ಮೂಲದಿಂದ ಹುಟ್ಟಿದ ಅರ್ಜಿಗಳ ಗುಂಪಿನ, ಮೊದಲ ಅರ್ಜಿಯಿಂದ 20 ವರ್ಷ, ಕಂಟಿನ್ಯುವೇಶನ್ ಎಷ್ಟೇ ಹಾಕಿದ್ರೂ ಕೊನೆ ದಿನ ಹೆಚ್ಚುಕಮ್ಮಿ ಅದೇ. 2011ರ ಅರ್ಜಿಯ ಮಕ್ಕಳು ಮೊಮ್ಮಕ್ಕಳೆಲ್ಲ 2031ಕ್ಕೆ ಮುಗೀತವೆ, ಅಂದ್ರೆ 2032ರ ಶಿರಸಿ ಜಾತ್ರೆ ಹೊತ್ತಿಗೆ ಎಚ್‌ಇವಿಸಿಯ ಮೂಲ ಪೇಟೆಂಟುಗಳಲ್ಲಿ ಬಹಳಷ್ಟು ಹೋಗಿರ್ತವೆ. ಆದ್ರೆ ಮಾಲೀಕತ್ವದ ಗಂಟು ಇಲ್ದಿದ್ರೆ? ಒಂದೇ ಇನ್ವೆನ್ಶನ್ನಿನ ನಾಲ್ಕು ಹಿಸ್ಸೆಯನ್ನ ನಾಲ್ಕು ಜನರಿಗೆ ಮಾರ್ಬಹುದು, ನಾಲ್ವರೂ ಬೇರೆ ಬೇರೆ ಬಂದು ಫೋನ್ ಮಾಡೋ ಕಂಪನಿ ಹತ್ರ ನಂದೂ ಕೊಡಿ ಅಂತ ಕೇಳ್ಬಹುದು. ಒಂದೇ ತೋಟಕ್ಕೆ ನಾಲ್ಕು ಗೇಣಿ ಕೊಟ್ಟ ಹಾಗೆ. ವಿಡಿಯೋ ಪೇಟೆಂಟುಗಳು ಕೈಯಿಂದ ಕೈಗೆ ಮಾರಾಟ ಆಗ್ತಾ ಇರೋ ಮಾಲು, ಹಾಗಾಗಿ ಇದು ಕಲ್ಪನೆಯ ಭಯ ಅಲ್ಲ.

ಎಚ್‌ಇವಿಸಿ ಕಥೆಯಲ್ಲೇ ಇದ್ರ ಪೆಟ್ಟು ಕಾಣ್ತದೆ. ಲೈಸೆನ್ಸ್ ಕೊಡೋಕೆ ಎಂಪೆಗ್ ಎಲ್‌ಎ, ಎಚ್‌ಇವಿಸಿ ಅಡ್ವಾನ್ಸ್, ವೆಲೋಸ್ ಮೀಡಿಯಾ ಅಂತ ಮೂರು ಪೂಲ್, ಅಂದ್ರೆ ಹಲವರ ಪೇಟೆಂಟನ್ನ ಒಟ್ಟು ಸೇರಿಸಿ ಲೈಸೆನ್ಸ್ ಕೊಡೋ ಗುಂಪುಗಳು, ಆದ್ವು, ಯಾವುದಕ್ಕೂ ಸೇರದ ಮಾಲೀಕರು ಬೇರೆ. ಒಂದು ಕಡೆ ದುಡ್ಡು ಕೊಟ್ಟು ಮುಗಿಸಿದೆ ಅನ್ನೋ ಹಾಗಿಲ್ಲ. ಇದ್ರಿಂದ ಬೇಸತ್ತೂ ದೊಡ್ಡ ಕಂಪನಿಗಳು 2015ರಲ್ಲಿ ಅಲಯನ್ಸ್ ಫಾರ್ ಓಪನ್ ಮೀಡಿಯಾ ಕಟ್ಟಿ, 2018ರಲ್ಲಿ ಎವಿ1 ಅನ್ನೋ ಕೋಡೆಕ್ (ವಿಡಿಯೋ ಕುಗ್ಗಿಸಿ ಬಿಚ್ಚೋ ವಿಧಾನ) ತಂದ್ವು. 2025ರಲ್ಲಿ ಎಚ್‌ಪಿ, ಡೆಲ್ ಕಂಪನಿಗಳ ಕೆಲವು ಲ್ಯಾಪ್‌ಟಾಪುಗಳಲ್ಲಿ ಚಿಪ್ಪಿನ ಒಳಗೇ ಇರೋ ಎಚ್‌ಇವಿಸಿ ಸೌಲಭ್ಯವನ್ನ ಆಫ್ ಮಾಡಿಟ್ಟದ್ದು ಸುದ್ದಿ ಆಯ್ತು. ಭಾವನ ಕಪ್ಪು ಪರದೆಗೂ ಮೂಲ ಇದೇ ಲೈಸೆನ್ಸ್ ಲೆಕ್ಕಾಚಾರ. ಪೂಲ್ ಒಳಗೆ ಪಾಲು ಹಂಚುವಾಗ ಪೇಟೆಂಟ್ ಎಷ್ಟಿವೆ ಅಂತ ಎಣಿಸೋ ಪದ್ಧತಿಯೂ ಇದೆ, ಎಣಿಕೆಗೆ ದುಡ್ಡು ಸಿಗ್ತದೆ ಅಂದ್ಮೇಲೆ ಹಿಸ್ಸೆ ಹೆಚ್ಚಾಗದೆ ಇರ್ತದಾ. ಡಿಸ್‌ಕ್ಲೇಮರ್ ಹಾಕಿದ ಪೇಟೆಂಟೂ ಎಣಿಕೆಯಲ್ಲಿ ಒಂದು ಪೂರ್ತಿ ಪೇಟೆಂಟೇ, ಅದನ್ನ ರದ್ದು ಮಾಡಿಸ್ಬೇಕಂದ್ರೆ ಎದುರಾಳಿ ಒಂದೊಂದಕ್ಕೂ ಬೇರೆ ಬೇರೆ ಹತ್ತಾರು ಸಾವಿರ ಡಾಲರ್ ಫೀಸು ಕಟ್ಟಿ ಪೇಟೆಂಟ್ ಆಫೀಸಿನ ಮಂಡಳಿ ಮುಂದೆ ಹೋಗ್ಬೇಕು, ಅಲ್ಲಿ ಇಂಟರ್ ಪಾರ್ಟೀಸ್ ರಿವ್ಯೂ ಅನ್ನೋ ಆ ವಿಚಾರಣೆಯಲ್ಲಿ ಡಬಲ್ ಪೇಟೆಂಟಿಂಗ್ ಅನ್ನೋ ವಾದ ಎತ್ತೋಕೂ ಅವಕಾಶ ಇಲ್ಲ, ಅದಕ್ಕೆ ಕೋರ್ಟಿಗೆ ಇಲ್ಲಾ ಪೇಟೆಂಟ್ ಆಫೀಸಿನ ಮರುಪರಿಶೀಲನೆಗೆ ಹೋಗ್ಬೇಕು.

ಕೊನೆ ದಿನ ಹೆಚ್ಚುಕಮ್ಮಿ ಅದೇ ಅಂದೆ. ಆ ಹೆಚ್ಚುಕಮ್ಮಿಯಲ್ಲೇ ಈಚೆಗಿನ ದೊಡ್ಡ ಜಗಳ ನಡೆದದ್ದು. ಪೇಟೆಂಟ್ ಆಫೀಸ್ ತಾನೇ ತಡ ಮಾಡಿದ್ರೆ ಆ ದಿನಗಳನ್ನ ಅವಧಿಗೆ ಸೇರಿಸಿ ಕೊಡ್ತದೆ, ಹಾಗಾಗಿ ಒಂದೇ ಕುಟುಂಬದ ಪೇಟೆಂಟುಗಳು ಬೇರೆ ಬೇರೆ ದಿನ ಮುಗೀಬಹುದು. ಸೆಲೆಕ್ಟ್ ಅನ್ನೋ ಕಂಪನಿಯ ಇಮೇಜ್ ಸೆನ್ಸರ್ ಪೇಟೆಂಟುಗಳಲ್ಲಿ ಹೀಗೇ ಆಗಿತ್ತು, ಎಲ್ಲಾ ಒಂದೇ ಮೂಲ ಅರ್ಜಿಯಿಂದ ಬಂದವು, ಡಿಸ್‌ಕ್ಲೇಮರ್ ಹಾಕಿರ್ಲಿಲ್ಲ. 2023ರ ಆಗಸ್ಟಲ್ಲಿ ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿ ಕೇಳೋ ಫೆಡರಲ್ ಸರ್ಕ್ಯೂಟ್ ಕೋರ್ಟು, ಸೇರಿಸಿದ ದಿನಗಳೊಂದಿಗೆ ಸಿಗೋ ಕೊನೆ ದಿನವನ್ನೇ ನೋಡ್ಬೇಕು ಅಂತ ಹೇಳಿ 4 ಪೇಟೆಂಟುಗಳ ಕ್ಲೇಮು ರದ್ದಾದದ್ದನ್ನ ಎತ್ತಿಹಿಡೀತು. ಅಷ್ಟರಲ್ಲಿ ಅವಧಿ ಮುಗಿದೇ ಹೋಗಿತ್ತು, ಮುಗಿದ ಪೇಟೆಂಟಿಗೆ ಡಿಸ್‌ಕ್ಲೇಮರ್ ಹಾಕೋಕೆ ಬರೋದಿಲ್ಲ, ಉಳಿಸ್ಕೊಳ್ಳೋ ದಾರಿಯೇ ಇರ್ಲಿಲ್ಲ. ಅಲ್ಲಿಂದ ಎಲ್ರೂ ತಮ್ಮ ಕುಟುಂಬಗಳನ್ನ ಮತ್ತೆ ತೆಗೆದು ನೋಡೋಕೆ ಶುರು ಮಾಡಿದ್ರು. ಒಂದು ವರ್ಷಕ್ಕೆ, 2024ರ ಆಗಸ್ಟಲ್ಲಿ, ಅಲರ್ಗನ್ ಮತ್ತು ಹೈದರಾಬಾದಿನ ಎಂಎಸ್‌ಎನ್ ನಡುವಿನ ಔಷಧಿ ಕೇಸಲ್ಲಿ ಅದೇ ಕೋರ್ಟು ಒಂದು ಮಿತಿ ಹಾಕ್ತು: ಕುಟುಂಬದಲ್ಲಿ ಮೊದ್ಲು ಅರ್ಜಿಯಾಗಿ ಮೊದ್ಲು ಸಿಕ್ಕ ಪೇಟೆಂಟನ್ನ, ಅದಾದ ಮೇಲೆ ಅರ್ಜಿಯಾಗಿ ಮೇಲೆ ಸಿಕ್ಕ ಮಗುವನ್ನ ತೋರಿಸಿ ರದ್ದು ಮಾಡೋ ಹಾಗಿಲ್ಲ. ಇದು ನ್ಯಾಯವೇ ಅನ್ನಿಸ್ತದೆ ನಂಗೆ, ಅಣ್ಣನ ಹಕ್ಕಿಗೆ ತಮ್ಮ ಹುಟ್ಟಿದ್ದೇ ದೋಷ ಆಗ್ಬಾರ್ದು.

ಇದೇ ಹೊತ್ತಿಗೆ, 2024ರ ಮೇ ತಿಂಗಳಲ್ಲಿ, ಅಮೆರಿಕದ ಪೇಟೆಂಟ್ ಆಫೀಸು ಒಂದು ಪ್ರಸ್ತಾವ ಇಟ್ಟಿತ್ತು. ಡಿಸ್‌ಕ್ಲೇಮರಿಂದ ಕಟ್ಟಿದ ಪೇಟೆಂಟುಗಳಲ್ಲಿ ಆಧಾರವಾದ ಪೇಟೆಂಟಿನ ಒಂದು ಕ್ಲೇಮು ಹಳೇ ದಾಖಲೆ ಎದುರಿಗೆ ಬಿದ್ರೂ ಅದಕ್ಕೆ ಕಟ್ಟಿದ ಪೇಟೆಂಟನ್ನ ಪೂರ್ತಿ ಚಲಾಯಿಸೋ ಹಾಗಿಲ್ಲ ಅಂತ. ದೊಡ್ಡ ವಿರೋಧ ಬಂತು, ಡಿಸೆಂಬರಲ್ಲಿ ವಾಪಸ್ ತಗೊಂಡ್ರು. ಪ್ರಸ್ತಾವ ಒರಟಾಗಿತ್ತು, ಒಂದು ಕ್ಲೇಮ್ ಬಿದ್ದದ್ದಕ್ಕೆ ನಿಜಕ್ಕೂ ಬೇರೆ ಕೆಲ್ಸದ ಕ್ಲೇಮೂ ಮುಳುಗ್ತಿತ್ತು, ಅದನ್ನ ಒಪ್ತೇನೆ. ಆದ್ರೆ ಅದು ಮುಟ್ಟಿದ ಗಾಯ ಇನ್ನೂ ಹಾಗೇ ಇದೆ. ಬದಲಿಗೆ 2025ರ ಜನವರಿಯಿಂದ, ಕುಟುಂಬದ ಮೊದಲ ದಿನಾಂಕದಿಂದ 6 ವರ್ಷ ದಾಟಿ ಹಾಕೋ ಕಂಟಿನ್ಯುವೇಶನ್ನಿಗೆ 2,700 ಡಾಲರ್, 9 ವರ್ಷ ದಾಟಿದ್ರೆ 4,000 ಡಾಲರ್ ಹೆಚ್ಚಿನ ಫೀಸ್ ಬಂತು. ಕೋಡೆಕ್ ರಾಯಲ್ಟಿ ಲೆಕ್ಕದಲ್ಲಿ ಇದು ದೊಡ್ಡ ಕಂಪನಿಗೆ ತಾಗೋ ದುಡ್ಡಲ್ಲ, ಸಣ್ಣ ಇನ್ವೆಂಟರಿಗೆ ತಾಗ್ತದೆ.

ಯುರೋಪಲ್ಲಿ ನಿಯಮ ಇದೆ, ಆದ್ರೆ ಚಿಕ್ಕದು. 2021ರ ಜೂನಲ್ಲಿ ಅಲ್ಲಿಯ ವಿಸ್ತೃತ ಮೇಲ್ಮನವಿ ಮಂಡಳಿ ಜಿ 4/19 ನಿರ್ಧಾರದಲ್ಲಿ, ಅದೇ ಅರ್ಜಿದಾರನಿಗೆ ಅದೇ ವಿಷಯಕ್ಕೆ ಎರಡನೇ ಪೇಟೆಂಟ್ ಇಲ್ಲ ಅಂತು. ಬೇಲಿ ಒಂದಡಿ ಸರಿಸಿದ್ದಕ್ಕೆ ಅಲ್ಲಿ ಈ ನಿಯಮ ತಾಗೋದಿಲ್ಲ.

ನಮ್ಮಲ್ಲಿ? ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಪೇಟೆಂಟ್ ಆಫೀಸಿನ ವ್ಯಾಪ್ತಿ, ಕಾರವಾರದವ ಹಾಕಿದ್ರೂ ಅಲ್ಲಿಗೇ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 46 ಒಂದು ಪೇಟೆಂಟ್ ಒಂದೇ ಇನ್ವೆನ್ಶನ್ನಿಗೆ ಅಂತದೆ. ನಮ್ಮ ಹಿಸ್ಸೆಗೆ ಡಿವಿಶನಲ್ ಅರ್ಜಿ ಅಂತ ಹೆಸರು, ಸೆಕ್ಷನ್ 16ರ ಪ್ರಕಾರ ತಾಯಿ ಅರ್ಜಿಯಲ್ಲಿ ಕ್ಲೇಮ್ ಆದದ್ದು ಮಗುವಿನಲ್ಲಿ ಮತ್ತೆ ಬರದ ಹಾಗೆ ತಿದ್ದಿ ಅಂತ ಕಂಟ್ರೋಲರ್, ಅಂದ್ರೆ ಪೇಟೆಂಟ್ ಆಫೀಸಿನ ಅಧಿಕಾರಿ, ಹೇಳ್ಬಹುದು. ಆಫೀಸ್ ತಡ ಮಾಡಿದ್ದಕ್ಕೆ ದಿನ ಸೇರಿಸೋ ಪದ್ಧತಿ ಇಲ್ಲಿಲ್ಲ, ಡಿವಿಶನಲ್ಲೂ ತಾಯಿಯ ಜೊತೆಗೇ 20 ವರ್ಷಕ್ಕೆ ಮುಗೀತದೆ. ಇಷ್ಟು ನೋಡಿದ್ರೆ ನಾವು ಸುರಕ್ಷಿತ ಅನ್ನಿಸ್ತದೆ, ಡಪಾಗ್ಲಿಫ್ಲೋಜಿನ್ ಅನ್ನೋ ಸಕ್ಕರೆ ಕಾಯಿಲೆ ಮಾತ್ರೆಯ ಕೇಸಲ್ಲಿ 2021ರಲ್ಲಿ ದೆಹಲಿ ಹೈಕೋರ್ಟ್ ಕೂಡ ಒಂದು ಇನ್ವೆನ್ಶನ್ನಿಗೆ ಒಂದೇ ಪೇಟೆಂಟ್ ಅಂತ ಗಟ್ಟಿಯಾಗೇ ಹೇಳಿದೆ.

ಆದ್ರೆ 2023ರ ಅಕ್ಟೋಬರಲ್ಲಿ ಸಿಂಜೆಂಟಾ ಕೇಸಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಒಂದು ಬಾಗಿಲು ಅಗಲ ಮಾಡಿದೆ. ಡಿವಿಶನಲ್ ಹಾಕ್ಬೇಕಂದ್ರೆ ಒಂದಕ್ಕಿಂತ ಹೆಚ್ಚು ಇನ್ವೆನ್ಶನ್ ತಾಯಿ ಅರ್ಜಿಯ ಕ್ಲೇಮಿನಲ್ಲೇ ಇರ್ಬೇಕು ಅಂತ 2022ರ ತೀರ್ಪು ಹೇಳಿತ್ತು, ಈಗ ವಿವರಣೆಯಲ್ಲಿ ಇದ್ರೂ ಸಾಕು. ಕಾಯ್ದೆಯ ಮಾತು ಓದಿದ್ರೆ ಇದು ಸರಿಯೇ, ತಪ್ಪು ಅನ್ನೋದಿಲ್ಲ. ಆದ್ರೆ ನೂರಾರು ಪುಟದ ವಿಡಿಯೋ ಕೋಡಿಂಗ್ ವಿವರಣೆಯಿಂದ ಎಷ್ಟು ಹಿಸ್ಸೆ ಬರ್ಬಹುದು ಅಂತ ಲೆಕ್ಕ ಹಾಕಿ. ಅಂಥ ಮಗುವಿನ ಮೇಲೆ ಹೊರಗಿನವ್ರು ಆಕ್ಷೇಪ ಎತ್ತೋದೂ ಸುಲಭ ಇಲ್ಲ. ಇದು ಮೊದ್ಲೇ ಕ್ಲೇಮ್ ಆಗಿದೆ ಅಂತ ಸೆಕ್ಷನ್ 25ರಲ್ಲಿ ವಾದಿಸ್ಬೇಕಂದ್ರೆ ಮೊದಲಿನದ್ರ ಆದ್ಯತಾ ದಿನಾಂಕ (ಹಕ್ಕು ಎಣಿಸೋಕೆ ಹಿಡಿಯೋ ಮೊದಲ ಅರ್ಜಿಯ ದಿನ) ಹಿಂದಿನದಾಗಿರ್ಬೇಕು, ತಾಯಿಗೂ ಮಗುವಿಗೂ ಆ ದಿನಾಂಕ ಒಂದೇ ಆಗಿರ್ತದೆ, ವಾದ ಅಲ್ಲೇ ಬೀಳ್ತದೆ. ಉಳಿಯೋದು ಕಂಟ್ರೋಲರ್ ಕೈಯಲ್ಲಿರೋ ಸೆಕ್ಷನ್ 16 ಮತ್ತು 46, ಅವೂ ಅದೇ ಗುಂಟೆ ಎರಡು ಸಲ ಬಂದ್ರೆ ಹಿಡೀತವೆ, ಸರಿಸಿದ ಬೇಲಿಯ ಬಗ್ಗೆ ಸ್ಪಷ್ಟವಾಗಿ ಏನೂ ಹೇಳೋದಿಲ್ಲ. ಎಲ್ಲಕ್ಕಿಂತ ನಂಗೆ ಚಿಂತೆ ಇರೋದು ಟರ್ಮಿನಲ್ ಡಿಸ್‌ಕ್ಲೇಮರ್ ನಮ್ಮಲ್ಲಿ ಇಲ್ಲ ಅನ್ನೋದು. ಕೊನೆ ದಿನಕ್ಕೆ ಅದು ಬೇಕಾಗಿಲ್ಲ ಸರಿ, ಮಾಲೀಕತ್ವದ ಗಂಟಿಗೆ ಬೇಕಿತ್ತು. ಇಲ್ಲಿ ತಾಯಿ ಪೇಟೆಂಟ್ ಒಬ್ಬನಿಗೆ, ಮಗು ಇನ್ನೊಬ್ಬನಿಗೆ ಮಾರಿದ್ರೆ ಇಬ್ರೂ ಬೇರೆ ಬೇರೆ ಕೇಸ್ ಹಾಕೋದನ್ನ ತಡೆಯೋ ಸಾಲು ಕಾಯ್ದೆಯಲ್ಲಿ ಕಾಣೋದಿಲ್ಲ. 2024ರ ಮಾರ್ಚಲ್ಲಿ ಎರಿಕ್ಸನ್ ಮತ್ತು ಲಾವಾ ನಡುವಿನ ಕೇಸಲ್ಲಿ ದೆಹಲಿ ಹೈಕೋರ್ಟ್ 244 ಕೋಟಿ ರೂಪಾಯಿ ಕೊಡ್ಬೇಕು ಅಂದದ್ದು ಮೊಬೈಲ್ ಸಂಪರ್ಕ ತಂತ್ರಜ್ಞಾನದ ಪೇಟೆಂಟುಗಳಿಗೆ. ವಿಡಿಯೋ ಕೋಡೆಕ್ಕಿನ ಲೆಕ್ಕವೂ ಇಲ್ಲಿಗೆ ಬಂದಾಗ ಒಂದೇ ತೋಟದ ಎರಡು ಪಹಣಿ ಇಬ್ಬರ ಕೈಯಲ್ಲಿದ್ರೆ ಆ ಭಾರ ಕೊನೆಗೆ ಫೋನಿನ ಬೆಲೆಗೇ ಸೇರ್ತದೆ, ಆಟ ರೆಕಾರ್ಡ್ ಮಾಡೋ ಭಾವನೇ ಕೊಡ್ತಾನೆ.

ನಮ್ಮ ಕಾಯ್ದೆಯಲ್ಲೇ ಒಂದು ದಾರಿ ಇದೆ, ಬಹಳ ಜನ ಬಳಸೋದಿಲ್ಲ. ಸೆಕ್ಷನ್ 54ರ ಪೇಟೆಂಟ್ ಆಫ್ ಅಡಿಷನ್. ಮೂಲ ಇನ್ವೆನ್ಶನ್ನಿಗೆ ಸಣ್ಣ ಸುಧಾರಣೆ ಮಾಡಿದ ಅದೇ ಮಾಲೀಕನಿಗೆ ಸಿಗ್ತದೆ, ಮೂಲದ ಜೊತೆಗೇ ಮುಗೀತದೆ, ಬೇರೆ ನವೀಕರಣ ಫೀಸಿಲ್ಲ, ಮೂಲಕ್ಕಿಂತ ಆಬ್ವಿಯಸ್ ಅಂತ ಅದನ್ನ ಹೊಡೆದುಹಾಕೋಕೂ ಆಗೋದಿಲ್ಲ. ಹೆಡರಲ್ಲಿ ಫ್ಲ್ಯಾಗ್ ಜಾಗ ಬದಲಿಸಿದಂಥ ಕ್ಲೇಮುಗಳಿಗೆ ಸರಿಯಾಗಿ ಹೊಂದೋ ಅಂಗಿ ಇದು. ಇದಕ್ಕೆ ಎರಡನ್ನೂ ಬೇರೆ ಮಾಡಿ ಮಾರೋ ಹಾಗಿಲ್ಲ ಅನ್ನೋ ಒಂದು ಸಾಲು ಸೇರಿಸಿ, ಡಿವಿಶನಲ್ಲಲ್ಲಿ ಬೇಲಿ ಮಾತ್ರ ಸರಿದದ್ದು ಕಂಡ್ರೆ ಕಂಟ್ರೋಲರ್ ಅರ್ಜಿದಾರನನ್ನ ಈ ದಾರಿಗೆ ಕಳ್ಸೋ ಹಾಗೆ ಮಾಡಿದ್ರೆ ಡಿಸ್‌ಕ್ಲೇಮರಿನ ಕೆಲ್ಸ ನಮ್ಮದೇ ಕಾಯ್ದೆಯಲ್ಲಿ ಆಗ್ತದೆ.